ರದ್ದು ಮಾಡುವ ಮುನ್ನ ಒಂದು ಪ್ರಶ್ನೆ

(ಜುಮಾ ಪ್ರವಚನದ ಸಾರಾಂಶ)





ಪ್ರತಿ ಶುಕ್ರವಾರ ಈ ಮಿಂಬರಿನಿಂದ ತಖ್ವಾದ ಉಪದೇಶ ನಡೆಯುತ್ತದೆ. ಮೊದಲು ನನಗೆ, ಆಮೇಲೆ ನಿಮಗೆ ಎಂದು ಹೇಳುವುದು ವಾಡಿಕೆ. ಇಂದು ಆ ಮಾತು ಬರೀ ವಾಡಿಕೆಯಲ್ಲ. ಇಂದಿನ ವಿಷಯದಲ್ಲಿ ಮೊದಲು ಎಡವಿದವನು ನಾನೇ.

ಕಳೆದ ತಿಂಗಳು ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಸುಟ್ಟುಹೋಯಿತು. ಮಗಳ ಕೈಯಲ್ಲಿ ಮೊಬೈಲ್ ಕೊಟ್ಟು ಆನ್‌ಲೈನಿನಲ್ಲಿ ಒಂದು ಆರ್ಡರ್ ಮಾಡಿಸಿದೆ. ಹಣವನ್ನೂ ಆಗಲೇ ಕಟ್ಟಿದೆ. ಸಂಜೆ ಅಸರ್ ನಮಾಝ್ ಮುಗಿಸಿ ಪೇಟೆಯಲ್ಲಿ ಬರುವಾಗ ಪರಿಚಯದ ಅಂಗಡಿಯವರಿಗೆ ಮಾತಿನ ನಡುವೆ ಇದನ್ನು ಹೇಳಿದೆ. ಅವರು, "ಮೌಲಾನಾ, ಅದನ್ನು ಕ್ಯಾನ್ಸಲ್ ಮಾಡಿಬಿಡಿ. ಅದೇ ಕಂಪೆನಿಯದ್ದು ನಾನು ಇನ್ನೂರು ರೂಪಾಯಿ ಕಡಿಮೆಗೆ ಕೊಡುತ್ತೇನೆ" ಎಂದರು. ಮನೆಗೆ ಬಂದು ಮಗಳಿಗೆ ರದ್ದು ಮಾಡಲು ಹೇಳಿದೆ. ರದ್ದು ಮಾಡುವಾಗ ಪರದೆಯ ಮೇಲೆ ಕಾರಣ ಕೇಳುತ್ತದೆ, ನಿಮಗೆ ಗೊತ್ತಿರಬಹುದು. ತಪ್ಪಿ ಆರ್ಡರ್ ಆಯಿತು, ಬೇರೆಡೆ ಕಡಿಮೆ ಬೆಲೆಗೆ ಸಿಕ್ಕಿತು, ತಲುಪಲು ತಡವಾಗುತ್ತಿದೆ, ಮನಸ್ಸು ಬದಲಾಯಿತು, ಹೀಗೆ ಒಂದು ಪಟ್ಟಿ. ಮಗಳು ಕೇಳಿದಳು: "ಅಬ್ಬಾ, ಯಾವುದನ್ನು ಒತ್ತಲಿ?"

ನಾನು ಚಹಾ ಕುಡಿಯುತ್ತಿದ್ದೆ. "ಯಾವುದಾದರೂ ಒತ್ತು" ಎಂದೆ.

ಅವಳು "ತಲುಪಲು ತಡವಾಗುತ್ತಿದೆ" ಎಂಬುದನ್ನು ಒತ್ತಿದಳು. ಕೂಡಲೇ ಆರ್ಡರ್ ರದ್ದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದಳು: "ಅಬ್ಬಾ, ಬೆಳಿಗ್ಗೆ ತಾನೇ ಆರ್ಡರ್ ಮಾಡಿದ್ದು. ತಡ ಎಲ್ಲಾಯಿತು?"

ಸಹೋದರರೇ, ಮಕ್ಕಳಿಗೆ ಸತ್ಯದ ಬಗ್ಗೆ ಮದ್ರಸದಲ್ಲಿ ಪಾಠ ಮಾಡುವವನು ನಾನು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆ ದಿನದಿಂದ ಈ ವಿಷಯವನ್ನು ಓದಿದೆ, ತಿಳಿದವರಲ್ಲಿ ಕೇಳಿದೆ, ಆನ್‌ಲೈನಿನಲ್ಲಿ ಮಾರುವ ನಮ್ಮವರ ಜೊತೆ ಕುಳಿತು ಮಾತಾಡಿದೆ. ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ರದ್ದು ಮಾಡುವುದು ಪಾಪವೇ?

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಆರ್ಡರ್ ರದ್ದು ಮಾಡುವುದು ಅಷ್ಟಕ್ಕೇ ಪಾಪವಲ್ಲ. ಕೊಂಡದ್ದನ್ನು ಬೇಡ ಎನ್ನುವ ಹಕ್ಕನ್ನು ನಮ್ಮ ಧರ್ಮಶಾಸ್ತ್ರ ಇಂದು ನಿನ್ನೆ ಕಂಡುಕೊಂಡದ್ದಲ್ಲ. ಅದಕ್ಕೆ ಖಿಯಾರ್ ಎಂಬ ಹೆಸರೇ ಇದೆ. ಆಯ್ಕೆ ಎಂದರ್ಥ.

ಕೊಳ್ಳುವವನು ಮತ್ತು ಮಾರುವವನು ಒಬ್ಬರನ್ನೊಬ್ಬರು ಅಗಲುವವರೆಗೂ ಇಬ್ಬರಿಗೂ ಆಯ್ಕೆ ಇದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅದರ ಮುಂದಿನ ಭಾಗವನ್ನು ನಾವು ಮರೆಯಬಾರದು. ಇಬ್ಬರೂ ಸತ್ಯ ಹೇಳಿ, ಇರುವುದನ್ನು ತೆರೆದಿಟ್ಟರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ. ಮರೆಮಾಚಿ ಸುಳ್ಳು ಹೇಳಿದರೆ ಆ ಬರಕತ್ ಅಳಿಸಿಹೋಗುತ್ತದೆ. ಅಗಲುವುದು ಎಂದರೆ ಎದ್ದು ಹೋಗುವುದೆಂದು ಶಾಫಿಈ ವಿದ್ವಾಂಸರು ಹೇಳುತ್ತಾರೆ, ಮಾತು ಮುಗಿಸುವುದೆಂದು ಹನಫಿ ವಿದ್ವಾಂಸರು ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಶಾಫಿಈಗಳು ಹೆಚ್ಚು, ಒಳನಾಡಿನಲ್ಲಿ ಹನಫಿಗಳು ಹೆಚ್ಚು. ಎರಡೂ ಕಡೆಯವರು ಒಪ್ಪುವ ವಿಷಯ ಒಂದಿದೆ. ಬೇಡ ಎನ್ನುವಾಗಲೂ ಸತ್ಯವನ್ನೇ ಹೇಳಬೇಕು.

ಎರಡನೆಯದು ಷರತ್ತಿನ ಆಯ್ಕೆ. ಇಷ್ಟು ದಿನದೊಳಗೆ ಬೇಡವೆನಿಸಿದರೆ ಹಿಂದಿರುಗಿಸುತ್ತೇನೆ ಎಂದು ಮೊದಲೇ ಮಾತಾಗಿದ್ದರೆ ಅದು ಸಿಂಧು. ಹಬ್ಬಾನ್ ಬಿನ್ ಮುನ್‌ಖಿದ್(ರ) ಎಂಬ ಸಹಾಬಿ ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದರು. ಕೊಳ್ಳುವಾಗಲೇ ಮೋಸವಿರಬಾರದೆಂದು ಹೇಳಿಬಿಡುವಂತೆ ಪ್ರವಾದಿ(ಸ) ಅವರಿಗೆ ಹೇಳಿಕೊಟ್ಟರು. ಅವರಿಗೆ ಮೂರು ದಿನಗಳ ಅವಕಾಶ ಕೊಟ್ಟ ವಿಚಾರವೂ ವರದಿಗಳಲ್ಲಿ ಬಂದಿದೆ. ಇಮಾಮ್ ಅಬೂ ಹನೀಫಾ(ರ) ಮತ್ತು ಇಮಾಮ್ ಶಾಫಿಈ(ರ) ಈ ಆಯ್ಕೆಯನ್ನು ಮೂರು ದಿನಗಳಿಗೆ ಸೀಮಿತಗೊಳಿಸಿದರೆ, ಒಪ್ಪಿಕೊಂಡಷ್ಟು ದಿನ ಇರಬಹುದೆಂದು ಬೇರೆ ಇಮಾಮರು ಹೇಳಿದ್ದಾರೆ. ಇಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಕಾಣುವ "ಏಳು ದಿನದೊಳಗೆ ಹಿಂದಿರುಗಿಸಬಹುದು" ಎಂಬ ಬರಹ ಇಂಥದ್ದೇ ಒಂದು ಷರತ್ತು. ಮಾರುವವನು ಒಪ್ಪಿಯೇ ಅಲ್ಲಿ ಸರಕು ಇಟ್ಟಿದ್ದಾನೆ.

ಮೂರನೆಯದು ನೋಡಿದ ಮೇಲಿನ ಆಯ್ಕೆ. ಕಣ್ಣಾರೆ ಕಾಣದೆ ಕೊಂಡದ್ದನ್ನು ಕಂಡ ಮೇಲೆ ಬೇಡ ಎನ್ನುವ ಹಕ್ಕು ಇದೆಯೆಂದು ಹನಫಿ ವಿದ್ವಾಂಸರು ಹೇಳುತ್ತಾರೆ. ಫೋಟೋ ನೋಡಿ ಕೊಳ್ಳುವ ಇಂದಿನ ಕಾಲಕ್ಕೆ ಇದು ಎಷ್ಟು ಹತ್ತಿರದ ಮಾತು ನೋಡಿ. ನಾಲ್ಕನೆಯದು ದೋಷದ ಆಯ್ಕೆ. ಸರಕಿನಲ್ಲಿ ಮೊದಲೇ ಇದ್ದ ದೋಷ ಆಮೇಲೆ ಗೊತ್ತಾದರೆ ಹಿಂದಿರುಗಿಸುವ ಹಕ್ಕು ಇದೆ. ಇದರಲ್ಲಿ ಯಾವ ಮದ್‌ಹಬಿಗೂ ತಕರಾರಿಲ್ಲ.

ಹಾಗಾದರೆ ನಮ್ಮ ಮನೆಯಲ್ಲಿ ನಡೆದದ್ದರಲ್ಲಿ ತಪ್ಪೇನು? ಸರಕು ಇನ್ನೂ ರವಾನೆಯಾಗಿರಲಿಲ್ಲ. ರದ್ದು ಮಾಡಲು ಆ ತಾಣದ ನಿಯಮದಲ್ಲೇ ಅವಕಾಶವಿತ್ತು. ಅಲ್ಲಿಯವರೆಗೆ ತಪ್ಪಿಲ್ಲ. ತಪ್ಪಿದ್ದದ್ದು "ಯಾವುದಾದರೂ ಒತ್ತು" ಎಂಬ ಮಾತಿನಲ್ಲಿ. ತಡ ಮಾಡದ ಒಬ್ಬ ವ್ಯಾಪಾರಿಯ ಲೆಕ್ಕದಲ್ಲಿ ತಡ ಮಾಡಿದ ಆರೋಪವೊಂದು ನನ್ನ ಮನೆಯಿಂದ ಸೇರಿತು. ಅಂಗಡಿಯಲ್ಲಿ ಎದುರಿಗೆ ನಿಂತವನಿಗೆ ನಾವು ಹಾಗೆ ಹೇಳುತ್ತೇವೆಯೇ? ಮುಖ ಕಾಣದು ಎಂಬ ಧೈರ್ಯ ತಾನೇ ಅದು? ಮುಖ ಕಾಣದ ಕಡೆಯಲ್ಲೂ ಅಲ್ಲಾಹನು ನೋಡುತ್ತಾನೆ ಎಂಬ ಅರಿವಿಗೇ ತಖ್ವಾ ಎಂದು ಹೆಸರು.

ಇನ್ನೊಂದು ಮಾತು. ಒಬ್ಬರ ವ್ಯಾಪಾರ ಕುದುರಿದ ಮೇಲೆ ಅದರ ಮೇಲೆ ಇನ್ನೊಬ್ಬರು ವ್ಯಾಪಾರ ಮಾಡಬಾರದೆಂದು ಪ್ರವಾದಿ(ಸ) ತಡೆದಿದ್ದಾರೆ. ಕೊಂಡವನಿಗೆ ರದ್ದು ಮಾಡುವ ಅವಕಾಶ ಇನ್ನೂ ಇರುವಾಗ, ಅದನ್ನು ಬಿಡು, ನಾನು ಕಡಿಮೆಗೆ ಕೊಡುತ್ತೇನೆ ಎಂದು ಕರೆಯುವುದೇ ಇದಕ್ಕೆ ಉದಾಹರಣೆ ಎಂದು ಹಿಂದಿನ ವಿದ್ವಾಂಸರು ವಿವರಿಸಿದ್ದಾರೆ. ಆ ಅಂಗಡಿಯ ಸಹೋದರರ ಬಳಿ ಹೋಗಿ ಇದನ್ನು ಹೇಳಿದೆ. ಅವರು ಬೇಸರಿಸಲಿಲ್ಲ. "ಗೊತ್ತಿರಲಿಲ್ಲ ಮೌಲಾನಾ. ಆನ್‌ಲೈನ್ ಬಂದ ಮೇಲೆ ನಮ್ಮ ವ್ಯಾಪಾರ ಅರ್ಧಕ್ಕೆ ಇಳಿದಿದೆ, ಆ ನೋವಿನಲ್ಲಿ ಹೇಳಿದೆ" ಎಂದರು. ಅವರ ನೋವು ಸುಳ್ಳಲ್ಲ. ಪೇಟೆಯ ಅಂಗಡಿಯಲ್ಲೇ ಕೊಳ್ಳಬೇಕೆಂದು ನಮಗೆ ಅನಿಸಿದರೆ ಅದು ಒಳ್ಳೆಯದೇ. ಆದರೆ ಆ ಯೋಚನೆಯನ್ನು ಆರ್ಡರ್ ಮಾಡುವ ಮೊದಲು ಮಾಡಬೇಕು. ಅವರ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಬಾಗಿಲಿನಿಂದ ಮರಳುವ ಪಾರ್ಸೆಲ್

ಈಗ ಇದಕ್ಕಿಂತ ಭಾರವಾದ ವಿಷಯಕ್ಕೆ ಬರೋಣ. ಆರ್ಡರ್ ಮಾಡುತ್ತೇವೆ, ಹಣ ಕೊಟ್ಟಿರುವುದಿಲ್ಲ, ಸರಕು ಬಂದ ಮೇಲೆ ಕೊಡುವುದೆಂದು ಮಾತು. ಪಾರ್ಸೆಲ್ ಬಾಗಿಲಿಗೆ ಬಂದಾಗ "ಬೇಡ, ವಾಪಸ್ ತೆಗೆದುಕೊಂಡು ಹೋಗಿ" ಎನ್ನುತ್ತೇವೆ. ಅಥವಾ ಫೋನನ್ನೇ ಎತ್ತುವುದಿಲ್ಲ.

ಈ ಕ್ಯಾಶ್ ಆನ್ ಡೆಲಿವರಿ ಹೇಗೆ ಬಂತೆಂದು ನೆನಪಿಸಿಕೊಳ್ಳಿ. ನಮ್ಮದೇ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುವ ತಾಣವಾಗಿ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಈ ಪದ್ಧತಿಯನ್ನು ತಂದಿತು. ಆಗ ಬಹಳ ಜನರ ಬಳಿ ಕಾರ್ಡ್ ಇರಲಿಲ್ಲ, ಇದ್ದವರಿಗೆ ಕಾಣದ ಅಂಗಡಿಯ ಮೇಲೆ ನಂಬಿಕೆ ಇರಲಿಲ್ಲ. ಆಗ ಮಾರುವ ಕಡೆಯವರು, ನೀವು ನಮ್ಮನ್ನು ನಂಬದಿದ್ದರೂ ನಾವು ನಿಮ್ಮನ್ನು ನಂಬುತ್ತೇವೆ ಎಂದ ಹಾಗಾಯಿತು. ಒಂದು ಪೈಸೆಯೂ ಪಡೆಯದೆ, ಗುರುತು ಪರಿಚಯವಿಲ್ಲದವನ ಮನೆಗೆ ಸರಕು ಕಳಿಸುತ್ತಾರೆ. ಇದು ನಮ್ಮ ಮೇಲಿಟ್ಟ ಅಮಾನತ್ತಲ್ಲವೇ?

ನಮ್ಮ ಮೊಹಲ್ಲಾದ ಒಂದು ಕುಟುಂಬದ ಕಥೆ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಸೇರಿ ಮನೆಯಲ್ಲೇ ಹೆಣ್ಣುಮಕ್ಕಳ ಫ್ರಾಕ್ ಮತ್ತು ನಮಾಝಿನ ದುಪಟ್ಟಾ ಹೊಲಿದು ಆನ್‌ಲೈನಿನಲ್ಲಿ ಮಾರುತ್ತಾರೆ. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಒಳ್ಳೆಯ ಆರ್ಡರ್ ಬಂತು. ಆಕೆ ತರಾವೀಹ್ ಮುಗಿಸಿ ಸಹ್ರಿಯವರೆಗೆ ಹೊಲಿದಳು. ಬಟ್ಟೆ ಸಾಲಕ್ಕೆ ತಂದಿದ್ದರು. ಈದ್ ಕಳೆದ ಮೇಲೆ ಪಾರ್ಸೆಲ್‌ಗಳು ಒಂದೊಂದಾಗಿ ಮರಳಿ ಬರತೊಡಗಿದವು. ಕೆಲವು ಬಾಗಿಲಲ್ಲಿ ಬೇಡವೆಂದದ್ದು. ಕೆಲವು ಫೋನ್ ಎತ್ತದೆ ಮರಳಿದ್ದು. ಒಂದು ಫ್ರಾಕ್ ತೆರೆದು, ತೊಟ್ಟು, ತೋಳಿನ ಮೇಲೆ ಶೀರ್ ಖುರ್ಮಾದ ಕಲೆ ಸಮೇತ "ಅಳತೆ ಸರಿಯಿಲ್ಲ" ಎಂಬ ಕಾರಣದೊಂದಿಗೆ ಮರಳಿತ್ತು.

ಸಹೋದರರೇ, ಈ ಶೀರ್ ಖುರ್ಮಾದ ಕಲೆ ಯಾರ ಮನೆಯದ್ದು? ಈದ್ ಆಚರಿಸದವರ ಮನೆಯದ್ದಲ್ಲ ತಾನೇ?

ಆಕೆ ನನಗೆ ಲೆಕ್ಕ ಹೇಳಿದಳು. ಕವರು, ಪೆಟ್ಟಿಗೆ, ಟೇಪು ಹೋಯಿತು. ಕಳಿಸುವ ಖರ್ಚು ಮತ್ತು ಮರಳಿ ತರುವ ಖರ್ಚನ್ನು ಹಲವು ಸಲ ಮಾರುವವನಿಂದಲೇ ಹಿಡಿಯುತ್ತಾರೆ. ಪಾರ್ಸೆಲ್ ದಾರಿಯಲ್ಲಿದ್ದಷ್ಟು ದಿನ ಆ ಬಟ್ಟೆಯನ್ನು ಬೇರೆಯವರಿಗೆ ಮಾರುವಂತಿಲ್ಲ. ಈದ್ ಮುಗಿದ ಮೇಲೆ ಈದಿನ ಫ್ರಾಕನ್ನು ಯಾರು ಕೊಳ್ಳುತ್ತಾರೆ? "ದೊಡ್ಡ ಕಂಪೆನಿ ನಷ್ಟ ತಡೆದುಕೊಳ್ಳುತ್ತದೆ ಎಂದು ಜನ ತಿಳಿಯುತ್ತಾರೆ ಮೌಲಾನಾ. ಕಂಪೆನಿಯ ಹೆಸರಿನ ಹಿಂದೆ ನಮ್ಮಂಥವರು ಇರುತ್ತೇವೆ ಎಂದು ಅವರಿಗೆ ಗೊತ್ತಿಲ್ಲ" ಎಂದಳು.

ಆನ್‌ಲೈನ್ ಮಾರುಕಟ್ಟೆ ಎಂದರೆ ಒಂದು ದೊಡ್ಡ ಸಂತೆ. ಸಂತೆಯ ಜಾಗ ಕಂಪೆನಿಯದ್ದು, ಆದರೆ ಅಲ್ಲಿ ಚಾಪೆ ಹಾಸಿ ಕುಳಿತವರು ಬೇರೆ ಬೇರೆಯವರು. ಸೂರತ್‌ನಲ್ಲಿ ಸೀರೆ ಮಾರುವವನು ಇರಬಹುದು, ನಮ್ಮ ಬೀದಿಯ ಕೊನೆಯ ಮನೆಯವರೂ ಇರಬಹುದು. ಪಾರ್ಸೆಲ್ ಹೊತ್ತು ತರುವ ಹುಡುಗನನ್ನೂ ನೆನೆಯಿರಿ. ಅವರಲ್ಲಿ ಹಲವರಿಗೆ ದಿನದ ಸಂಬಳವಿಲ್ಲ, ತಲುಪಿಸಿದ ಪಾರ್ಸೆಲ್ ಲೆಕ್ಕದಲ್ಲಿ ಕೂಲಿ. ಮೂರನೇ ಮಹಡಿ ಹತ್ತಿ ಬಂದವನಿಗೆ ಬಾಗಿಲು ತೆರೆಯದೆ "ಬೇಡ" ಎಂದರೆ ಅವನ ಪೆಟ್ರೋಲೂ ಹೋಯಿತು, ಹೊತ್ತೂ ಹೋಯಿತು. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರು ಕಲಿಸಿದ ಪಾಠವನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಬಾಗಿಲಲ್ಲಿ ನಿಂತಿರುವ ಬೆವರು ನಮಗೆ ಕಾಣಿಸದಿದ್ದರೆ ಆ ಬಾಯಿಪಾಠದಿಂದ ಏನು ಫಲ?

ಹಾಲು ಕುಡಿದ ಮೇಲೆ ಹಿಂದಿರುಗಿಸುವುದು

ಉಪಯೋಗಿಸಿ ಹಿಂದಿರುಗಿಸುವ ಬಗ್ಗೆ ಒಂದು ಹದೀಸ್ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅಂದಿನ ಕಾಲದಲ್ಲಿ ಕೆಲವು ವ್ಯಾಪಾರಿಗಳು ಆಡನ್ನೋ ಒಂಟೆಯನ್ನೋ ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಡುತ್ತಿದ್ದರು. ಕೆಚ್ಚಲು ತುಂಬಿ ಕಾಣುತ್ತಿತ್ತು. ಒಳ್ಳೆಯ ಹಾಲಿನ ಪ್ರಾಣಿ ಎಂದು ನಂಬಿ ಜನ ಕೊಳ್ಳುತ್ತಿದ್ದರು. ಪ್ರವಾದಿ(ಸ) ಇದನ್ನು ನಿಷೇಧಿಸಿದರು. ಹಾಗೆ ಮೋಸಹೋಗಿ ಕೊಂಡವನಿಗೆ ಎರಡು ದಾರಿ ಕೊಟ್ಟರು. ಇಷ್ಟವಿದ್ದರೆ ಇಟ್ಟುಕೊಳ್ಳಬಹುದು, ಇಲ್ಲವಾದರೆ ಹಿಂದಿರುಗಿಸಬಹುದು. ಆದರೆ ಹಿಂದಿರುಗಿಸುವಾಗ ಜೊತೆಗೆ ಒಂದು ಸಾಅ್ ಖರ್ಜೂರವನ್ನೂ ಕೊಡಬೇಕೆಂದರು. ಅಬೂ ಹುರೈರಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸಾಅ್ ಎಂದರೆ ಫಿತ್ರ್ ಝಕಾತಿಗೆ ನಾವು ಲೆಕ್ಕ ಹಾಕುವ ಅದೇ ಅಳತೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮೋಸ ಮಾಡಿದವನು ಮಾರುವವನು. ಮೋಸಹೋದವನು ಕೊಂಡವನು. ಹೀಗಿದ್ದರೂ ಕೊಂಡವನು ಕರೆದು ಕುಡಿದ ಹಾಲಿಗೆ ಪ್ರತಿಯಾಗಿ ಖರ್ಜೂರ ಕೊಡಬೇಕು. ತಪ್ಪು ಎದುರಿನವನದ್ದಾದರೂ ನಾವು ಪಡೆದ ಲಾಭಕ್ಕೆ ಲೆಕ್ಕವಿದೆ! ಹಾಗಿರುವಾಗ ಮಾರುವವನ ಯಾವ ತಪ್ಪೂ ಇಲ್ಲದೆ, ಮದುವೆಗೆ ಶೇರ್ವಾನಿ ತೊಟ್ಟು, ಫೋಟೋ ತೆಗೆಸಿಕೊಂಡು, ಬೆಲೆಯ ಚೀಟಿ ಕಿತ್ತುಹೋಗದಂತೆ ಜೋಪಾನ ಮಾಡಿ, ಮರುದಿನ "ಬಣ್ಣ ಫೋಟೋದಲ್ಲಿದ್ದಂತಿಲ್ಲ" ಎಂದು ಹಿಂದಿರುಗಿಸುವುದನ್ನು ಏನೆನ್ನೋಣ? ಅದು ಜಾಣತನವಲ್ಲ. ಇನ್ನೊಬ್ಬರ ಹಕ್ಕನ್ನು ತಿನ್ನುವುದು. ಪರಸ್ಪರ ಒಪ್ಪಿಗೆಯ ವ್ಯಾಪಾರದಿಂದಲ್ಲದೆ ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ತಿನ್ನಬಾರದೆಂದು ಸೂರಃ ಅನ್ನಿಸಾದ 29ನೇ ವಚನ ನಮ್ಮನ್ನು ತಡೆಯುತ್ತದೆ. ಏಳು ದಿನದೊಳಗೆ ಹಿಂದಿರುಗಿಸಬಹುದೆಂದು ಮಾರುವವನು ಒಪ್ಪಿದ್ದು ನೋಡಿ ತೀರ್ಮಾನಿಸಲಿಕ್ಕೆ, ಏಳು ದಿನ ಪುಕ್ಕಟೆಯಾಗಿ ತೊಡಲಿಕ್ಕಲ್ಲ. ತೊಟ್ಟು ನೋಡಿ ಅಳತೆ ಸರಿಯಿಲ್ಲದಿದ್ದರೆ ಮಡಚಿ ಹಿಂದಿರುಗಿಸಿ, ಅದು ನಿಮ್ಮ ಹಕ್ಕು. ತೊಟ್ಟು ಹಬ್ಬ ಮಾಡಿದರೆ ಅದು ನಿಮ್ಮದಾಯಿತು.

ಕೆಲವು ಸರಕುಗಳನ್ನು ದೋಷವಿದ್ದರೆ ಮಾತ್ರ ಹಿಂದಕ್ಕೆ ಪಡೆಯುತ್ತಾರೆ. ಆಗ "ಹಾಳಾಗಿದೆ" ಎಂಬ ಸುಳ್ಳು ಕಾರಣ ಒತ್ತುವ ಆಸೆ ಹುಟ್ಟುತ್ತದೆ. ಅದು ದೋಷವಿಲ್ಲದ ಸರಕಿನ ಮೇಲೆ, ದೋಷವಿಲ್ಲದ ಮನುಷ್ಯನ ಮೇಲೆ ಹಾಕುವ ಅಪವಾದ. ಆ ಕ್ಷಣದಲ್ಲಿ ಮನಸ್ಸನ್ನು ತಡೆದುಕೊಳ್ಳಿ. ಇನ್ನೂರು ಮುನ್ನೂರು ರೂಪಾಯಿಯ ನಷ್ಟ ಇಲ್ಲಿಯೇ ಮುಗಿಯುತ್ತದೆ. ಇನ್ನೊಬ್ಬನ ಹಕ್ಕು ಪರಲೋಕದವರೆಗೂ ಹಿಂಬಾಲಿಸುತ್ತದೆ.

ಮಾರುವವರಿಗೂ ಎರಡು ಮಾತು

ನಮ್ಮ ಯುವಕರಲ್ಲಿ ಈಗ ಮೊಬೈಲಿನಲ್ಲೇ ವ್ಯಾಪಾರ ಮಾಡುವವರು ಹೆಚ್ಚಾಗಿದ್ದಾರೆ. ಅಲ್ಲಾಹನು ಅವರ ರಿಝ್ಕಿನಲ್ಲಿ ಬರಕತ್ ಕೊಡಲಿ. ಅವರೂ ಈ ಪಾಠದಿಂದ ಹೊರತಲ್ಲ.

ಕೈಯಲ್ಲಿ ಇಲ್ಲದ ಸರಕನ್ನು ಮಾರಬಾರದೆಂದು ಪ್ರವಾದಿ(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ತಿಳಿಸಿದ್ದರು. ಇಂದು ಕೆಲವರು ಬೇರೆಯವರ ಫೋಟೋ ಹಾಕಿ, ಸರಕು ಸಿಗುತ್ತದೋ ಇಲ್ಲವೋ ಎಂದು ತಿಳಿಯದೆ ಆರ್ಡರ್ ಪಡೆದು, ಹಣವನ್ನೂ ಪಡೆದು, ಸಿಗದಿದ್ದಾಗ ತಾವೇ ರದ್ದು ಮಾಡುತ್ತಾರೆ. ಮಗಳ ಮದುವೆಗೆಂದು ಸೀರೆ ಆರ್ಡರ್ ಮಾಡಿದ ತಾಯಿಗೆ ಮದುವೆಯ ಹಿಂದಿನ ದಿನ "ಸ್ಟಾಕ್ ಇಲ್ಲ" ಎಂಬ ಸಂದೇಶ ಬಂದರೆ ಆಕೆಯ ಸ್ಥಿತಿ ಏನಾಗಬೇಕು? ಕರಾರುಗಳನ್ನು ಪೂರೈಸುವ ಆಜ್ಞೆ ಸೂರಃ ಅಲ್‌ಮಾಇದಾದ ಮೊದಲ ವಚನದಲ್ಲೇ ಇದೆ. ಅದು ಕೊಳ್ಳುವವನಿಗೂ ಇದೆ, ಮಾರುವವನಿಗೂ ಇದೆ. ತನಗೆ ಬರಬೇಕಾದಾಗ ತುಂಬಿ ಅಳೆದುಕೊಂಡು, ಕೊಡಬೇಕಾದಾಗ ಕಡಿಮೆ ಅಳೆಯುವವರಿಗೆ ಸೂರಃ ಅಲ್‌ಮುತಫ್ಫಿಫೀನ್ ವಿನಾಶದ ಎಚ್ಚರಿಕೆ ಕೊಡುತ್ತದೆ. ರದ್ದು ಮಾಡುವ ಹಕ್ಕು ತನಗೆ ಬೇಕು, ಎದುರಿನವನಿಗೆ ಬೇಡ ಎನ್ನುವುದೂ ಅಂಥದ್ದೇ ತಕ್ಕಡಿ.

ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ಒಮ್ಮೆ ತಮ್ಮ ಪಾಲುದಾರನ ಬಳಿ ಸರಕು ಕಳಿಸಿ, ಅದರಲ್ಲಿ ಒಂದು ಬಟ್ಟೆಯಲ್ಲಿ ದೋಷವಿದೆ, ಮಾರುವಾಗ ತಿಳಿಸಬೇಕೆಂದು ಹೇಳಿದ್ದರು. ಪಾಲುದಾರ ಮರೆತು ಮಾರಿಬಿಟ್ಟ. ಕೊಂಡವನು ಯಾರೆಂದೂ ಗೊತ್ತಾಗಲಿಲ್ಲ. ಇಮಾಮರು ಆ ಸರಕಿನ ಹಣವನ್ನೆಲ್ಲ ದಾನ ಮಾಡಿಬಿಟ್ಟರೆಂದು ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಫೋಟೋದಲ್ಲಿ ಹೊಳೆಯುವಂತೆ ತೋರಿಸಿ, ಪೆಟ್ಟಿಗೆಯಲ್ಲಿ ಬೇರೆಯದೇ ಕಳಿಸುವವರು ಇದನ್ನು ನೆನಪಿಡಬೇಕು.

ಹಕ್ಕನ್ನು ಬಿಟ್ಟುಕೊಡಬೇಕೆಂದಲ್ಲ

ನಾನು ಹೇಳಿದ್ದನ್ನು ಕೇಳಿ ಯಾರೂ ಮೋಸ ಸಹಿಸಿಕೊಂಡು ಸುಮ್ಮನಿರಬೇಕೆಂದು ತಿಳಿಯಬೇಡಿ. ನಿಜವಾದ ಕಾರಣವಿದ್ದಾಗ ರದ್ದು ಮಾಡುವುದೂ ಹಣ ಮರಳಿ ಕೇಳುವುದೂ ನ್ಯಾಯವೇ. ದೇಶದ ಕಾನೂನು ಕೂಡ ಅದನ್ನೇ ಹೇಳುತ್ತದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಸರಕು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದಿದ್ದರೆ ಮಾರುವವನು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತು ಬೇರೆ. ಖರೀದಿ ಖಚಿತಪಡಿಸಿದ ಮೇಲೆ ರದ್ದು ಮಾಡಿದ್ದಕ್ಕೆ ಗ್ರಾಹಕನಿಂದ ಶುಲ್ಕ ಹಿಡಿಯಬೇಕಾದರೆ, ತಾವಾಗಿ ರದ್ದು ಮಾಡಿದಾಗ ಕಂಪೆನಿಯವರೂ ಅಂಥದ್ದೇ ಶುಲ್ಕ ಹೊರಬೇಕು. ಎರಡೂ ಕಡೆಗೆ ಒಂದೇ ತಕ್ಕಡಿ ಎಂಬ ಮಾತು ಇಲ್ಲೂ ಇದೆ ನೋಡಿ.

ದೂರು ಕೊಟ್ಟರೆ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ಅದು ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಆಚೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಸರಕಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಬಿಲ್ಲು, ಫೋಟೋ, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ಕೊಡುಕೊಳ್ಳುವಿಕೆಯನ್ನು ಬರೆದಿಡುವ ಪಾಠ ಸೂರಃ ಅಲ್‌ಬಖರಾದ 282ನೇ ವಚನದಿಂದಲೇ ನಮಗೆ ಸಿಕ್ಕಿದೆ.

ತಾಯಂದಿರಿಗೆ ಮತ್ತು ಹಿರಿಯರಿಗೆ ಒಂದು ಎಚ್ಚರಿಕೆ. ಆರ್ಡರ್ ರದ್ದು ಮಾಡಲು ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಕರೆ ಮಾಡಬೇಡಿ. ಕಂಪೆನಿಯವರ ವೇಷದಲ್ಲಿ ಮೋಸಗಾರರು ಅಲ್ಲಿ ಕಾದು ಕುಳಿತಿರುತ್ತಾರೆ. ಆರ್ಡರ್ ಮಾಡಿದ ಆ್ಯಪಿನ ಒಳಗೇ ರದ್ದು ಮಾಡಿ. ಹಣ ಮರಳಿ ಪಡೆಯಲು ಒಟಿಪಿಯಾಗಲಿ, ಯುಪಿಐ ಪಿನ್ ಆಗಲಿ ಬೇಕಾಗಿಲ್ಲ. ಪಿನ್ ಒತ್ತುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಆ್ಯಪ್ ಒಂದನ್ನು ಹಾಕಿಕೊಳ್ಳಿ, ಪರದೆ ತೋರಿಸಿ ಎಂದರೆ ಕೂಡಲೇ ಫೋನ್ ಇಟ್ಟುಬಿಡಿ. ಹಣ ಹೋಗಿಯೇ ಬಿಟ್ಟರೆ ನಾಚಿಕೆಯಿಂದ ಮುಚ್ಚಿಡದೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಂದು ನಮಗೂ ರದ್ದು ಬೇಕಾಗುತ್ತದೆ

ಕೊನೆಯದಾಗಿ, ಈ ವಿಷಯದಲ್ಲಿ ನನಗೆ ಬಹಳ ಪ್ರಿಯವಾದ ಹದೀಸ್ ಹೇಳಿ ಮುಗಿಸುತ್ತೇನೆ. ವ್ಯಾಪಾರ ಪೂರ್ಣಗೊಂಡಿದೆ, ಸರಕಿನಲ್ಲಿ ದೋಷವಿಲ್ಲ, ಷರತ್ತೂ ಇಲ್ಲ. ಕೊಂಡವನಿಗೆ ಹಿಂದಿರುಗಿಸುವ ಯಾವ ಹಕ್ಕೂ ಉಳಿದಿಲ್ಲ. ಆದರೂ ಅವನು ಬಂದು, "ತಪ್ಪಿ ಕೊಂಡೆ, ನನ್ನಿಂದಾಗದು" ಎನ್ನುತ್ತಾನೆ. ಆಗ ಮಾರುವವನು ದಯೆಯಿಂದ ಒಪ್ಪಿ ವ್ಯಾಪಾರವನ್ನು ರದ್ದು ಮಾಡಿದರೆ ಅದಕ್ಕೆ ಇಖಾಲಾ ಎನ್ನುತ್ತಾರೆ. ಹಾಗೆ ತನ್ನ ಸಹೋದರನ ವ್ಯಾಪಾರವನ್ನು ರದ್ದು ಮಾಡಿಕೊಟ್ಟವನ ಎಡವುಗಳನ್ನು ಅಲ್ಲಾಹನು ರದ್ದು ಮಾಡುತ್ತಾನೆಂದು ಪ್ರವಾದಿ(ಸ) ಶುಭವಾರ್ತೆ ನೀಡಿದ್ದಾರೆ. ಅಬೂ ದಾವೂದ್ ಮತ್ತು ಇಬ್ನು ಮಾಜಃದಲ್ಲಿ ಈ ಹದೀಸ್ ಇದೆ. ಅರಬಿಯಲ್ಲಿ ಎರಡೂ ಕಡೆ ಒಂದೇ ಪದ. ಇಲ್ಲಿ ನಾವು ಒಬ್ಬರ ಆರ್ಡರ್ ರದ್ದು ಮಾಡಿಕೊಡುತ್ತೇವೆ, ಅಲ್ಲಿ ಅವನು ನಮ್ಮ ತಪ್ಪನ್ನು ರದ್ದು ಮಾಡಿಕೊಡುತ್ತಾನೆ.

ಆದುದರಿಂದ ಅಂಗಡಿಯ ಗೋಡೆಗೆ "ಮಾರಿದ ಸರಕು ಹಿಂದಕ್ಕೆ ಪಡೆಯುವುದಿಲ್ಲ" ಎಂದು ಬೋರ್ಡ್ ಹಾಕಿರುವ ಸಹೋದರರೇ, ಬೋರ್ಡ್ ಇರಲಿ, ಆದರೆ ಕಷ್ಟದಲ್ಲಿರುವವನು ಬಂದಾಗ ಅದನ್ನು ಕೈಯಿಂದ ತೋರಿಸಬೇಡಿ. ಕೊಳ್ಳುವ ಸಹೋದರ ಸಹೋದರಿಯರೇ, ಆರ್ಡರ್ ಮಾಡುವ ಮೊದಲು ಒಮ್ಮೆ ಯೋಚಿಸಿ. ರದ್ದು ಮಾಡಬೇಕಾದರೆ ಸರಕು ಹೊರಡುವ ಮೊದಲೇ ಮಾಡಿ. ಬಾಗಿಲಿಗೆ ಬಂದಾಗ ಸಕಾರಣವಿಲ್ಲದೆ ಮರಳಿಸಬೇಡಿ. ಕಾರಣ ಕೇಳಿದಾಗ ನಿಜ ಹೇಳಿ. ಒತ್ತುವ ಮುನ್ನ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ನಷ್ಟವನ್ನು ಹೊರುವವರು ಯಾರು, ಅವರ ಎದುರು ನಿಂತು ಇದನ್ನೇ ಹೇಳಬಲ್ಲೆನೇ?

ನನ್ನ ಮಗಳ ವಿಷಯ ಹೇಳುವುದು ಬಾಕಿ ಉಳಿಯಿತು. ಎರಡು ದಿನಗಳ ನಂತರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪ್ಪು ನನ್ನದೆಂದು ಒಪ್ಪಿಕೊಂಡೆ. ಆ ತಾಣದ ಗ್ರಾಹಕ ಸೇವೆಗೆ ಅವಳ ಕೈಯಲ್ಲೇ ಬರೆಸಿದೆ: ನಾವು ಒತ್ತಿದ ಕಾರಣ ಸರಿಯಲ್ಲ, ವ್ಯಾಪಾರಿ ತಡ ಮಾಡಿಲ್ಲ, ಬೇರೆಡೆ ಕಡಿಮೆ ಬೆಲೆಗೆ ಸಿಕ್ಕಿದ್ದರಿಂದ ರದ್ದು ಮಾಡಿದೆವು. ನಿಮಿಷದೊಳಗೆ ಉತ್ತರ ಬಂತು. ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ ಎಂದಷ್ಟೇ ಇತ್ತು. ಯಂತ್ರವೇ ಕಳಿಸಿದ್ದಿರಬೇಕು. ಮಗಳು ನಕ್ಕಳು. "ಅಬ್ಬಾ, ಯಾರೂ ಓದಿಲ್ಲ" ಎಂದಳು.

"ಓದುವವನು ಓದಿದ್ದಾನೆ ಬೇಟಿ" ಎಂದೆ.

ಅಲ್ಲಾಹನು ನಮ್ಮ ಕೊಡುಕೊಳ್ಳುವಿಕೆಯಲ್ಲಿ ಸತ್ಯವನ್ನೂ ಬರಕತ್ತನ್ನೂ ಕರುಣಿಸಲಿ. ನಮ್ಮಿಂದ ಗೊತ್ತಿದ್ದೂ ಗೊತ್ತಿಲ್ಲದೆಯೂ ನಷ್ಟ ಅನುಭವಿಸಿದವರ ಹಕ್ಕನ್ನು ಈ ಲೋಕದಲ್ಲೇ ತೀರಿಸುವ ಅವಕಾಶ ನೀಡಲಿ. ಎಡವುಗಳನ್ನು ಅಳಿಸುವ ಆ ದಿನ ನಮ್ಮ ಎಡವುಗಳನ್ನೂ ಅಳಿಸಲಿ. ಆಮೀನ್.